ಚಮಚ

ಊರ ಪಾರ್ಕಿನ ಕೆರೆ ಬತ್ತಿ ಬೋಟಿಂಗು ನಿಂತ ಮ್ಯಾಲ
ಹರಾಜಿನಾಗ ಹನ್ನೊಂದು ಸಾವಿರಕ್ಕ ಬಂದದ್ದಿದು:
ತುಳಿಯೋ ಹಂಸ.
ಒಂದು ಕಣ್ಣಿನ ಬಣ್ಣ ಹೋಗ್ಯದ.
ಕೊರಳಿಗೆ ಯಾರೋ ಮೊಳಿಲಿಂದ ಎರಡು ಹೆಸರು ಕೊರದಾರ,
ಒಂದನ್ನ ಮತ್ತ್ಯಾರೋ ಕೆರದಾರ.

ಹನ್ನೊಂದು ಸಾವಿರ, ನನ್ನ ಚೀಟಿ ರೊಕ್ಕ.
ಅದಕ್ಕೇ ನಾಕು ದಿನದಿಂದ ಮಾತಿಲ್ಲ.
ರೊಟ್ಟಿ ಬಡದೀನಿ, ಡಬ್ಬಿ ಕಟ್ಟೀನಿ,
"ಚಾ" ಅಂತ ಕರದಿಲ್ಲ, ಕಪ್ಪು ಕುಟ್ಟಿ ಇಟ್ಟೀನಿ.
ಆದರ ಐತವಾರ ನಸುಕಿನಾಗ ಹಂಸನ ಟೆಂಪೋಕ್ಕ ಏರಿಸುವಾಗ
ಹಗ್ಗದ ಇನ್ನೊಂದು ತುದಿಗೆ ಯಾರರೇ ಬೇಕಲ್ಲ.
ಹಿಡದೆ.

ಹಳ್ಳಿಖೇಡ ದಾಟಿ ಕಾರಂಜಾ ಹಿನ್ನೀರು.
ಮಿರಗ ಕೂಡಿ ಮೂರು ದಿನ,
ಮ್ಯಾಲ ಮಾಡ ಕಟ್ಟ್ಯದ, ಹನಿ ಇಲ್ಲ.
ಟೆಂಪೋದವ ಹಂಸದ ಬೆನ್ನಿಗೊಂದು ಗುದ್ದಿ ನಕ್ಕ:
"ಜೋಡಿ ಸಲಾಮತ್ ಇರ್ಲಿ, ಟೀಚರಮ್ಮ."

ಈ ಬೋಟಿಗೊಂದು ಚಾಳಿ ಅದ.
ಒಬ್ಬರು ತುಳಿದು ಒಬ್ಬರು ಸುಮ್ಮನಾದರ
ಗಾಣದೆತ್ತಿನಂಗ ನಿಂತಲ್ಲೇ ತಿರುಗ್ತದ.
ನಾ ನಾಕು ಸುತ್ತು ಸುಮ್ಮನೇ ಕುಂತೆ.
ದಂಡಿ, ಟೆಂಪೋ, ಜಾಲಿಗಿಡ,
ಮತ್ತ ದಂಡಿ, ಟೆಂಪೋ,
ಹೊಟ್ಟಿ ಹಿಡಕೊಂಡು ನಗೋ ಟೆಂಪೋದವ, ಜಾಲಿಗಿಡ.
ಐದನೇ ಸುತ್ತಿಗೆ ಕಾಲು ತಾನೇ ತುಳೀತು.

ನಡು ನೀರಿನಾಗ ಇವರು ಗಾಳ ಬಿಚ್ಚಿದರು.
ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತೋ ಬಟ್ಟು,
ವಾರ್ನಿಶಿಗೆ ಕಪ್ಪಾದವು,
ನೈಲಾನ್ ದಾರಕ್ಕ ಗಂಟು ಹಾಕುವಾಗ
ಕೂಸಿನ ಕಿವಿಗೆ ದಾರ ಪೋಣಿಸಿದಂಗ.
ದಾರದ ತುದಿಗೆ ಹೊಳಿತಿತ್ತು ಒಂದು ಸ್ಟೀಲ್ ತುಂಡು.
ಹಿಡಿ ಕತ್ತರಿಸಿ, ತೂತು ಹೊಡೆದ ಚಮಚ.
ಬೆನ್ನ ಮ್ಯಾಲ ಚುಕ್ಕಿ ಚುಕ್ಕಿ: "ಮ".
ಮಹಾನಂದಾ. ನಾನು.
ತವರಿನವರು ಕೊಟ್ಟ ಆರರಾಗ ಒಂದು,
ಹ್ವಾದ ವಾರ ಮನಿ ಎಲ್ಲಾ ಹುಡುಕಿದ್ದು.

ನಾ ಬಾಯಿ ತೆರೀಬೇಕು ಅನ್ನೋದರಾಗ
ಅವರು ಅದನ್ನ ಬೀಸಿ ಒಗದರು.
ದೂರ ಬಿತ್ತು.
ಬಿದ್ದ ಸಪ್ಪಳ ಸಣ್ಣದು.

ಹನ್ನೊಂದೂವರಿ ತನಕ ಏನಿಲ್ಲ.
"ಹಿಡಿ," ಅಂತ ಕಣ್ಣಿಲೇ ಹೇಳಿ ಕೋಲು ನನ್ನ ಕೈಯಾಗಿಟ್ಟು
ಡಬ್ಬಿ ಬಿಚ್ಚಿ, ರೊಟ್ಟಿ ಮುರದು,
ಶೇಂಗಾ ಹಿಂಡಿ ಹಚ್ಚಿ ಬಾಯಿಗಿಟ್ಟರು.
ಆಗ ರೀಲು ಚೀರಿತು.

ಹಂಸದ ಕೊರಳು ಗರ್ರಂತ ತಿರುಗಿತು.
"ತುಳೀರೀ!"
ನಾಕು ದಿನದ ಮ್ಯಾಲ ನನ್ನ ಮೊದಲ ಮಾತು.
"ಯಾ ಕಡಿ?" ಬಾಯಿತುಂಬ ರೊಟ್ಟಿ.
"ಅದು ಹೋದ ಕಡಿ!"
ಬಿಟ್ಟೆ, ಸುತ್ತಿದೆ, ಬಿಟ್ಟೆ, ಸೆರಗು ಸೊಂಟಕ್ಕ ಸಿಗಿಸಿದೆ.
ಒಳಗ ಯಾವುದೋ ಭಾರ
ಇಲ್ಲ, ಬರೂದಿಲ್ಲ, ಅಂತಿತ್ತು.
ಮೊಣಕೈ ಉರಿದವು.
ಎಷ್ಟೊತ್ತು ಅಂತ ಕೇಳಬ್ಯಾಡ್ರಿ,
ಬಂತು ಕಡೀಕ, ಬಾಳೆ ಮೀನು,
ನನ್ನ ತೋಳಿನಷ್ಟುದ್ದ, ಅಗಲ ಬಾಯಿ,
ಹಲ್ಲಿನ ನಡುವ ನನ್ನ ಅಕ್ಷರ.

ಕಾಂಟಾದಾಗ ಆರೂವರಿ ಕಿಲೋ.
ಹೊಟ್ಟಿ ಬಿಗದಿತ್ತು, ಮುಟ್ಟಿದರ ತಿಳೀತು.
"ಫೋಟೋ?" ಅಂದರು.
"ಕೈ ಖಾಲಿ ಇಲ್ಲ," ಅಂದೆ.
ಇಬ್ಬರ ನಾಕೂ ಕೈ ಅದರ ಕೆಳಗಿದ್ದವು.
ನೀರಿಗೆ ಬಗ್ಗಿಸಿದೆವು. ಒಂದು ಗಳಿಗಿ ಅಲ್ಲೇ ಇತ್ತು,
ಬಾಲ ಬೀಸಿ ನಮ್ಮ ಮುಖಕ್ಕ ನೀರು ಹೊಡೆದು ಹೋತು.

ಥರ್ಮಾಕೋಲಿನ ತೆಪ್ಪದ ಮ್ಯಾಲ ಬಲಿ ಎಳೀತಿದ್ದ ಲಾಲಪ್ಪ
ಎಲ್ಲಾ ನೋಡಿದ್ದ.
"ಹಿಡದದ್ದು ಬಿಟ್ಟ್ರೇನು?"
"ತತ್ತಿ ತುಂಬಿತ್ತು."
"ತತ್ತಿ ಇದ್ದದ್ದಕ್ಕೇ ಕಿಲೋಕ್ಕ ಇಪ್ಪತ್ತು ಹೆಚ್ಚು, ಅಕ್ಕಾ."
ಅವನ ಮಾತಿನಾಗ ತಪ್ಪಿರಲಿಲ್ಲ.
ಆಟ ನಮ್ಮದು, ನೀರು ಅವಂದು.
ಅವನ ಬಲ್ಲೆ ಎರಡು ಕಾಟ್ಲಾ ತಗೊಂಡೆವು.
ಚೌಕಾಶಿ ಮಾಡಾಕ ನಾಲಿಗಿ ಏಳಲಿಲ್ಲ.

ತಿರುಗಿ ತುಳಿಯುವಾಗ ಚಮಚ ತೊಡಿ ಮ್ಯಾಲಿತ್ತು.
"ಮ"ದ ಮ್ಯಾಲ ಹಲ್ಲಿನ ಗೀರು.
ಇವರು ಅದನ್ನ ನೋಡಿದರು, ನನ್ನ ನೋಡಿದರು,
ಕಾಲು ನಿಂತಿತು. ಹಂಸ ತಿರುಗಾಕ ಹತ್ತಿತು.

"ತುಳೀರಿ," ಅಂದೆ.
"ಇನ್ನೂ ಐದು ಅವ."